ಗಿಟಾರ್ ಪಿಕಪ್ ಬದಲಿಸೋ ಮುಂಚೆ ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ ಮಾರಾಯ್ರೇ

ಮುಂಬೈ ಮಾಟುಂಗದ ಹುಡುಗನೊಬ್ಬ ಈಗಷ್ಟೇ ಗಿಟಾರ್ ತಂದು ತೋರಿಸಿ ಹೋದ. ಫ್ಲಾಯ್ಡ್ ರೋಸ್ ಬ್ರಿಡ್ಜ್ (ಕಡ್ಡಿ ಹಿಡಿದು ಅಲುಗಿಸೋ ಟ್ರೆಮೊಲೊ), ಚೆನ್ನಾಗೇ ಕೂಗ್ತಿರೋ ಹಂಬಕರ್, ಅಂದರೆ ಎರಡು ಕಾಯಿಲ್ (ಸುರುಳಿ) ಇರೋ ಪಿಕಪ್. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಅದುರನ್ನು ಸಿಗ್ನಲ್ ಮಾಡೋ ಆಯಸ್ಕಾಂತದ ಸಾಧನ. "ಬ್ರಿಡ್ಜ್ 53, ಪಿಕಪ್ 49, ಮ್ಯಾಚ್ ಆಗಲ್ಲ, ಬದಲಾಯಿಸಿಬಿಡು" ಅಂತ ಅಂಗಡಿಯಲ್ಲಿ ಹೇಳಿ ಕಳಿಸಿದ್ದಾರೆ. 53 ಅಂದರೆ ಬ್ರಿಡ್ಜಿನಲ್ಲಿ ತಂತಿಗಳ ಅಗಲ, 49 ಅಂದರೆ ಪಿಕಪ್ಪಿನ ಪೋಲ್‌ಪೀಸುಗಳ (ಒಂದೊಂದು ತಂತಿಯ ಕೆಳಗಿರೋ ಲೋಹದ ಮೊಳೆಗಳ) ಅಗಲ, ಎರಡೂ ಮಿಮೀಯಲ್ಲಿ. ಒಂದು ನಂಬರು ಕ್ಯಾಟಲಾಗಿನದು, ಇನ್ನೊಂದು ಡಬ್ಬಿಯದು. ಗಿಟಾರಿನ ಮೇಲೆ ಯಾರೂ ಸ್ಕೇಲ್ ಇಟ್ಟಿಲ್ಲ. ನಾಲ್ಕು ಮಿಲಿಮೀಟರ್ ಕಳೆಯೋ ಲೆಕ್ಕ ಮಾಡೋಕೆ ಟೆಕ್ನೀಶಿಯನ್ ಯಾಕೆ ಬೇಕು, ಮೂರನೇ ಕ್ಲಾಸಿನ ಮಗು ಸಾಕು.

ಪಿಕಪ್ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರೋ ಜಾಗ) ಮೇಲೆ ಕೂತಿರುತ್ತಾ? ಇಲ್ಲವಲ್ಲ. ತಂತಿಗಳು ಸ್ಯಾಡಲಿನಿಂದ ನಟ್ (ಗಿಟಾರಿನ ತಲೆಯ ಹತ್ತಿರ ತಂತಿ ಕೂರೋ ಪಟ್ಟಿ) ಕಡೆಗೆ ಕಿರಿದಾಗ್ತಾ ಹೋಗ್ತವೆ. ಸ್ಯಾಡಲಿನಲ್ಲಿ ಮೊದಲ ತಂತಿಯಿಂದ ಆರನೇ ತಂತಿಗೆ 53 ಮಿಮೀ, ನಟ್‌ನಲ್ಲಿ 35.5, ಸ್ಕೇಲ್ (ನಟ್‌ನಿಂದ ಸ್ಯಾಡಲಿಗೆ ತಂತಿಯ ಉದ್ದ) 648 ಅಂತ ಇಟ್ಟುಕೊಳ್ಳಿ. ಬ್ರಿಡ್ಜ್ ಹಂಬಕರಿನ ನಡುಭಾಗ ಸ್ಯಾಡಲಿನಿಂದ ಸುಮಾರು 40 ಮಿಮೀ ದೂರ. ಅಲ್ಲಿ ತಂತಿಗಳ ಅಗಲ 51.9. ಪಿಕಪ್ 49.2 ಇದ್ದರೆ ಒಂದೊಂದು ಕಡೆ ತಪ್ಪೋದು 1.35 ಮಿಮೀ. ಪೋಲ್‌ಪೀಸಿನ ವ್ಯಾಸವೇ 4.8ರ ಹತ್ತಿರ ಇದೆ, ಅಂದರೆ ತಂತಿ ಇನ್ನೂ ಕಬ್ಬಿಣದ ಮೇಲೇ ಇದೆ! ಬರೇ ನಡುಮಧ್ಯದಲ್ಲಿಲ್ಲ, ಅಷ್ಟೇ. ಇದಕ್ಕೆ ಹೊಸ ಪಿಕಪ್ಪಂತೆ.

ಇನ್ನು ನೆಕ್ ಪಿಕಪ್. ಅದು ಸ್ಯಾಡಲಿನಿಂದ 155 ಮಿಮೀ ಹತ್ತಿರ ಇರುತ್ತೆ, ಅಲ್ಲಿ ತಂತಿಗಳ ಅಗಲ 48.8. ಅಲ್ಲಿಗೆ ಮಾಮೂಲಿ ಅಗಲದ್ದೇ ಸರಿ. "ಟ್ರೆಮೊಲೊ ಇದೆಯಲ್ಲ, ಎರಡೂ ಎಫ್-ಸ್ಪೇಸ್ಡ್ (ಪೋಲ್‌ಗಳ ಅಗಲ ಹೆಚ್ಚಿರೋದು) ಹಾಕಿಬಿಡಿ" ಅನ್ನೋರು ಈ ವಾಕ್ಯ ಎರಡು ಸಲ ಓದಿ.

ಅಳೆಯೋದು ಹೀಗೆ. ತಂತಿಗಳು ಪಿಚ್‌ನಲ್ಲೇ ಇರಲಿ. ಪಿಕಪ್ಪಿನ ನೇರ ಮೇಲೆ ಆರನೇ ತಂತಿಯ ಹೊರ ಅಂಚಿನಿಂದ ಮೊದಲ ತಂತಿಯ ಹೊರ ಅಂಚಿಗೆ ಅಳೆದು, 10-46 ತಂತಿ ಸೆಟ್ (ತೆಳ್ಳಂದು 0.010, ದಪ್ಪದ್ದು 0.046 ಇಂಚು) ಆದರೆ 0.7 ಮಿಮೀ ಕಳೆಯಿರಿ. ಪೋಲ್‌ಗಳಲ್ಲಿ ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆದರೆ ಕಳೆಯೋದೇನೂ ಇಲ್ಲ. ವರ್ನಿಯರ್ ಪ್ಲಾಸ್ಟಿಕ್ಕಿನದೇ ಇರಲಿ. ಸ್ಟೀಲಿನದನ್ನು ಆಯಸ್ಕಾಂತ ಎಳೆದುಕೊಂಡು ಕವರಿಗೆ ಗೀರು ಬೀಳುತ್ತೆ. ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಸಿಗುತ್ತೆ, ಪಿಕಪ್ಪಿನ ಬೆಲೆಯಂತೂ ಆಗಲ್ಲ.

ಮುಖ್ಯವಾದದ್ದು ಈಗ. ತಪ್ಪು ಯಾವ ದಿಕ್ಕಿಗಿದೆ ನೋಡಿ. ಎರಡೂ ಕೊನೆಯ ತಂತಿಗಳು ಪೋಲಿನ ಹೊರಕ್ಕೆ ಸರಿದಿದ್ದರೆ ಅದು ಅಗಲದ ವಿಷಯ. ಎರಡೂ ಒಂದೇ ಕಡೆಗೆ ವಾಲಿದ್ದರೆ ಲೋಕದ ಯಾವ ಪಿಕಪ್ ತಂದರೂ ಸರಿಹೋಗಲ್ಲ, ಏನೋ ಪಕ್ಕಕ್ಕೆ ಸರಿದಿದೆ. ಆಗ "ನೆಕ್ ಬೋಲ್ಟ್ ಸಡಿಲಿಸಿ ಎಳೀರಿ" ಅಂತ ಬುದ್ಧಿ ಹೇಳೋರು ಬರ್ತಾರೆ. ನಟ್ 3 ಮಿಮೀ ಸರಿಸಿದರೂ ಬ್ರಿಡ್ಜ್ ಪಿಕಪ್ ಮೇಲೆ ತಂತಿ ಸರಿಯೋದು 0.2 ಮಿಮೀ. ನೆಕ್ ಪಿಕಪ್ ಮೇಲೆ 0.7. ಮೊದಲ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರ್ತಿದ್ದರೆ ಆ ಮದ್ದು ಸರಿ, ಬ್ರಿಡ್ಜ್ ಪಿಕಪ್ಪಿಗೆ ಅಲ್ಲ. ಅಲ್ಲಿ ನೋಡಬೇಕಾದ್ದು ಪಿಕಪ್ ರಿಂಗ್, ಪಿಕಪ್ಪನ್ನು ಬಾಡಿಗೆ ಹಿಡಿದಿಡೋ ಚೌಕಟ್ಟು. ಅದರ ತೂತುಗಳಿಗೆ ಫೆವಿಕಾಲ್ ಹಚ್ಚಿದ ಟೂತ್‌ಪಿಕ್ ಜಡಿದು, ಒಣಗಿದ ಮೇಲೆ ಸಮ ಮಾಡಿ, ಒಂದು ಮಿಮೀ ಪಕ್ಕಕ್ಕೆ ಹೊಸ ತೂತು ಕೊರೀರಿ. ಒಳಗಿನ ಗುಂಡಿಯಲ್ಲಿ ಪಿಕಪ್ಪಿಗೆ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

"ಬೆಂಡ್ ಮಾಡಿದರೆ ತಂತಿ ಪೋಲ್ ಬಿಟ್ಟು ಹೋಗಿ ಸೌಂಡ್ ಸಾಯುತ್ತಲ್ಲ ಅಣ್ಣಾ?" ಕೇಳ್ತಾರೆ, ಗೊತ್ತು. ಹನ್ನೆರಡನೇ ಫ್ರೆಟ್ಟಿನಲ್ಲಿ 10 ಮಿಮೀ ತಳ್ಳಿದರೆ ಬ್ರಿಡ್ಜ್ ಪಿಕಪ್ ಮೇಲೆ ತಂತಿ 1.2 ಮಿಮೀ ಸರಿಯುತ್ತೆ. ಮೊದಲ ತಂತಿಯನ್ನು ಒಳಕ್ಕೇ ತಳ್ಳೋದು, ಪೋಲ್ ಇರೋದೂ ಒಳಗೇ. ಅಂದರೆ ಬೆಂಡ್ ಮಾಡಿದಾಗಲೇ ಅದು ಪೋಲಿನ ನಡುವಿಗೆ ಬರುತ್ತೆ. ಬೇರೇನಾದ್ರೂ ಇದೆಯಾ?

ಹಳೇ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್) ನೋಡಿ. ಬ್ರಿಡ್ಜಿನಲ್ಲಿ 56 ಮಿಮೀ ಚಿಲ್ಲರೆ, ಪಿಕಪ್ಪುಗಳು 52 ಚಿಲ್ಲರೆ, ಮೂರಕ್ಕೂ ಒಂದೇ ಅಗಲ. ಬ್ರಿಡ್ಜ್ ಪಿಕಪ್ಪಿನಲ್ಲಿ ಕೊನೆಯ ತಂತಿಗಳು ಪೋಲಿನ ಹೊರ ಅಂಚಿನ ಕಡೆಗೇ ಓಡ್ತವೆ. ಆ ಗಿಟಾರ್ ಕೊಳ್ಳೋಕೆ ಜನ ಮನೆ ಮಾರ್ತಾರೆ.

ಗಿಟಾರಿಸ್ಟ್ ಎಡ್ಡಿ ವಾನ್ ಹೇಲನ್ ಗಿಬ್ಸನ್ ಹಂಬಕರನ್ನು ಸ್ಟ್ರಾಟ್ ಮಾದರಿಯ ಬಾಡಿಯಲ್ಲಿ ಓರೆಯಾಗಿ ಕೂರಿಸಿದ್ದು ಇದೇ ತೊಂದರೆಗೆ. ಓರೆ ಮಾಡಿದರೆ ಒಂದು ಕಾಯಿಲ್ ಬೇಸ್ (ದಪ್ಪ ತಂತಿ) ಕಡೆಗೆ, ಇನ್ನೊಂದು ಟ್ರೆಬಲ್ (ತೆಳು ತಂತಿ) ಕಡೆಗೆ ಸರಿಯುತ್ತೆ. ಎರಡು ಕೊನೆಯ ತಂತಿಗೂ ಒಂದೊಂದು ಕಾಯಿಲಿನ ಪೋಲಾದ್ರೂ ಸರಿಯಾಗಿ ಕೆಳಗೆ ಬರುತ್ತೆ. ಕಾಯಿಲುಗಳ ನಡುವೆ 18 ಮಿಮೀ ಇದ್ದರೆ 8 ಡಿಗ್ರಿ ಓರೆಗೆ 49.2ರ ಪಿಕಪ್ 51ರಷ್ಟು ಅಗಲ ಮುಟ್ಟುತ್ತೆ. ಹೊಸ ಪಿಕಪ್ ಅಲ್ಲ, ಬರೇ ಓರೆ.

ನಿಜವಾಗಿ ಬದಲಿಸಬೇಕಾದ ಸಂದರ್ಭ ಇಲ್ಲ ಅಂತಲ್ಲ. ಪಿಕಪ್ ಮೇಲೆ ಅಳೆದಾಗ ಒಂದೊಂದು ಕಡೆ 2 ಮಿಮೀ ದಾಟಿದೆ, ಕ್ಲೀನ್ ಸೌಂಡಿನಲ್ಲಿ ಎರಡನೇ ತಂತಿಗಿಂತ ಮೊದಲನೇದು ಸೊರಗಿ ಕೇಳ್ತಿದೆ. ಆಗಲೂ ಮೊದಲು ಎತ್ತರ ನೋಡಿ. ಕೊನೇ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪೋಲಿಗೂ ನಡುವೆ ಬೇಸ್ ಕಡೆ 2, ಟ್ರೆಬಲ್ ಕಡೆ 1.6 ಮಿಮೀಯಿಂದ ಶುರು ಮಾಡಿ, ಟ್ರೆಬಲ್ ಕಡೆಯ ಸ್ಕ್ರೂ ಅರ್ಧ ಸುತ್ತು ಎತ್ತಿ, ಆಮೇಲೆ ಆ ಒಂದು ಪೋಲ್ ಸ್ಕ್ರೂ ಅರ್ಧ ಸುತ್ತು. ಸ್ಟ್ರಾಟ್ ಥರದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಆದರೆ ಹುಷಾರು, ಅದರ ಪೋಲುಗಳೇ ಆಯಸ್ಕಾಂತ. ತೀರಾ ಹತ್ತಿರ ತಂದರೆ ದಪ್ಪ ತಂತಿಯನ್ನು ಹಿಡಿದೆಳೆದು, ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ನಡುಗುತ್ತೆ. ಇಷ್ಟಾದರೂ ಸೊರಗಿದ್ದರೆ ಬದಲಿಸಿ. ಹಾಗೆ ಬದಲಿಸೋದಾದರೆ ಬ್ಲೇಡ್ (ಪೋಲುಗಳ ಬದಲು ಉದ್ದಕ್ಕೂ ಒಂದೇ ಪಟ್ಟಿ) ಇರೋದನ್ನೇ ನೋಡಿ, ಅದಕ್ಕೆ ಪೋಲೂ ಇಲ್ಲ, ಈ ತಕರಾರೂ ಇಲ್ಲ.

ಇನ್‌ಬಾಕ್ಸಿಗೆ ಬರೋರು ಮೂರು ಅಳತೆ ಕಳಿಸಿ: ಬ್ರಿಡ್ಜ್ ಪಿಕಪ್ ಮೇಲೆ ತಂತಿಗಳ ಅಗಲ, ನೆಕ್ ಪಿಕಪ್ ಮೇಲಿನದು, ಪೋಲುಗಳ ಅಗಲ. ಜೊತೆಗೆ ನೇರ ಮೇಲಿಂದ ತೆಗೆದ ಒಂದು ಫೋಟೊ. ಡಬ್ಬಿಯ ಫೋಟೊ ಕಳಿಸಿದವರಿಗೆ ಉತ್ತರ ಇಲ್ಲ.