ಬೇರೆಯವರ ಹಾಡಿನಲ್ಲಿ ಮೈಕೆಲ್ ಬ್ರೆಕರ್

ಸ್ಯಾಕ್ಸೋಫೋನ್ ವಾದಕ ಮೈಕೆಲ್ ಬ್ರೆಕರ್ ಬಗ್ಗೆ ಮಾತು ಬಂದಾಗ ಜಾಝ್ ಕೇಳುವವರಲ್ಲಿ ಕೆಲವರು ಒಂದು ದೂರು ಹೇಳುತ್ತಾರೆ. ಅಷ್ಟು ದೊಡ್ಡ ಪ್ರತಿಭೆ, ಆದರೆ ಒಳ್ಳೆಯ ವಯಸ್ಸೆಲ್ಲ ಬೇರೆಯವರ ರೆಕಾರ್ಡಿಂಗ್‌ಗಳಲ್ಲಿ ನುಡಿಸುವುದರಲ್ಲೇ ಮುಗಿದುಹೋಯಿತು, ತನ್ನ ಹೆಸರಿನ ಮೊದಲ ಆಲ್ಬಂ ಬರುವ ಹೊತ್ತಿಗೆ 38 ವರ್ಷ ಆಗಿತ್ತು, ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆ ವರ್ಷಗಳ ಕೆಲಸವನ್ನು ಮತ್ತೆ ಮತ್ತೆ ಕೇಳಿದ ಮೇಲೆ ಒಪ್ಪುವುದು ಇನ್ನೂ ಕಷ್ಟ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬಿಡುವಿದ್ದಾಗ ಓದಿ.

ಬ್ರೆಕರ್ ಹೆಸರು ಕೇಳದವರೂ ಅವರ ನುಡಿಸಾಣಿಕೆ ಕೇಳಿರುವ ಸಾಧ್ಯತೆ ಜಾಸ್ತಿ. ಬೆಂಗಳೂರಿನಲ್ಲಿ ಡೈರ್ ಸ್ಟ್ರೇಟ್ಸ್ ಅನ್ನುವ ಬ್ರಿಟಿಷ್ ರಾಕ್ ತಂಡವನ್ನು ಕೇಳುತ್ತಲೇ ಬೆಳೆದವರು ಎಷ್ಟೋ ಜನ ಇದ್ದಾರೆ. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಂನಲ್ಲಿ 'ಯುವರ್ ಲೇಟೆಸ್ಟ್ ಟ್ರಿಕ್' ಅಂತ ಒಂದು ಹಾಡಿದೆ, ನೆನಪಿದೆಯಾ? ಮಾತು ಮರೆತರೂ ಅದರ ಸ್ಯಾಕ್ಸೋಫೋನ್ ಸಾಲು ತಲೆಯಿಂದ ಹೋಗುವುದಿಲ್ಲ. ಆಲ್ಬಂನಲ್ಲಿ ಅದನ್ನು ನುಡಿಸಿದವರು ಬ್ರೆಕರ್. ಅದೇ ಹಾಡಿನ ಟ್ರಂಪೆಟ್ ಅವರ ಅಣ್ಣ ರ‍್ಯಾಂಡಿ ಬ್ರೆಕರ್ ಅವರದು.

ಸ್ಯಾಕ್ಸೋಫೋನ್ ಅಂದ ತಕ್ಷಣ ನಮಗೆ ನೆನಪಾಗುವವರು ಕದ್ರಿ ಗೋಪಾಲನಾಥ್. ಅದು ಸಹಜವೂ ಹೌದು, ಸರಿಯೂ ಹೌದು. ಇಬ್ಬರೂ ಹುಟ್ಟಿದ್ದು 1949ರಲ್ಲಿ. ಕದ್ರಿಯವರು ಬಂಟ್ವಾಳ ತಾಲೂಕಿನಲ್ಲಿ, ಬ್ರೆಕರ್ ಅಮೆರಿಕದ ಫಿಲಡೆಲ್ಫಿಯಾದ ಕಡೆ. ಕದ್ರಿಯವರು ವೇದಿಕೆಯ ನಡುವೆ ಕೂತು, ಪಕ್ಕವಾದ್ಯದವರನ್ನು ಜೊತೆಗಿಟ್ಟುಕೊಂಡು, ಪರದೇಶದ ವಾದ್ಯಕ್ಕೆ ಕರ್ನಾಟಕ ಸಂಗೀತ ಕಲಿಸಿದರು. ಬ್ರೆಕರ್ ದಾರಿಯೇ ಬೇರೆ. ಅವರು ಬಹಳ ಕಾಲ ಪಕ್ಕದಲ್ಲೇ ನಿಂತರು.

ಮನೆಯಲ್ಲಿ ಸಂಗೀತ ಇತ್ತು. ತಂದೆ ವಕೀಲರು, ಜೊತೆಗೆ ಜಾಝ್ ಪಿಯಾನೋ ನುಡಿಸುತ್ತಿದ್ದರು. ಅಕ್ಕನೂ ಪಿಯಾನೋ, ಅಣ್ಣ ಟ್ರಂಪೆಟ್. ಮೈಕೆಲ್ ಶುರು ಮಾಡಿದ್ದು ಕ್ಲಾರಿನೆಟ್‌ನಿಂದ. ಆಮೇಲೆ ಆಲ್ಟೋ ಸ್ಯಾಕ್ಸೋಫೋನ್, ಹೈಸ್ಕೂಲಿನಲ್ಲಿರುವಾಗ ಅದಕ್ಕಿಂತ ತಗ್ಗಿನ ದನಿಯ ಟೆನರ್ ಸ್ಯಾಕ್ಸೋಫೋನ್. ಜಾಝ್ ಲೋಕದ ದೊಡ್ಡ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಸಂಗೀತ ಆ ಹುಡುಗನನ್ನು ಪೂರ್ತಿ ಹಿಡಿದುಕೊಂಡಿತು. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸೇರಿದರೂ ಓದು ಮುಗಿಸಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲೇ ನ್ಯೂಯಾರ್ಕ್ ಸೇರಿದರು. ಅಲ್ಲಿ ಅಣ್ಣ ರ‍್ಯಾಂಡಿ ಮತ್ತು ಡ್ರಮ್ಮರ್ ಬಿಲಿ ಕಾಬಮ್ ಜೊತೆ 'ಡ್ರೀಮ್ಸ್' ಅನ್ನುವ ತಂಡ ಕಟ್ಟಿದರು. ಜಾಝ್ ಮತ್ತು ರಾಕ್ ಕೂಡಿಸಿ ನುಡಿಸಿದ ಮೊದಲಿನ ತಂಡಗಳಲ್ಲಿ ಅದೂ ಒಂದು. ತಂಡ ಜಾಸ್ತಿ ದಿನ ನಿಲ್ಲಲಿಲ್ಲ. ಅಷ್ಟರಲ್ಲಿ ಸ್ಟುಡಿಯೋದವರು ಈ ಅಣ್ಣ ತಮ್ಮಂದಿರನ್ನು ಗುರುತಿಸಿ ಆಗಿತ್ತು.

ಆಗಿನ ನ್ಯೂಯಾರ್ಕ್ ಸೆಷನ್ ಕೆಲಸ, ಅಂದರೆ ಬೇರೆಯವರ ರೆಕಾರ್ಡಿಂಗ್‌ಗೆ ಹೋಗಿ ನುಡಿಸುವ ಕೆಲಸ, ಹೇಗಿರುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ವಾದಕರ ಯೂನಿಯನ್ ನಿಯಮದ ಪ್ರಕಾರ ಒಂದು ಸೆಷನ್ ಅಂದರೆ ಸಾಮಾನ್ಯವಾಗಿ ಮೂರು ಗಂಟೆ. ಹೆಚ್ಚಿನ ಸಲ ಡ್ರಮ್ಸ್, ಬೇಸ್, ಗಿಟಾರ್ ಮೊದಲೇ ರೆಕಾರ್ಡ್ ಆಗಿರುತ್ತದೆ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ನವರು ಆಮೇಲೆ ಬರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು, ಆಗಷ್ಟೇ ಕೈಗೆ ಬಂದ ನೊಟೇಶನ್ ನೋಡಿ ನುಡಿಸಬೇಕು. ಬೆಳಿಗ್ಗೆ ಜಾಹೀರಾತಿನ ಜಿಂಗಲ್, ಮಧ್ಯಾಹ್ನ ಸೋಲ್ ಹಾಡು, ಸಂಜೆ ರಾಕ್ ತಂಡ. ಪ್ರತಿ ಕಡೆಯೂ ಬೇರೆ ದನಿ ಬೇಕು. ನಾಲ್ಕು ಜನ ಒಂದೇ ಸಾಲು ನುಡಿಸುವಾಗ ಉಸಿರು ಎಲ್ಲಿ ತಗೋಬೇಕು, ಸ್ವರ ಎಲ್ಲಿ ಕತ್ತರಿಸಬೇಕು ಅನ್ನುವುದೂ ಒಂದೇ ಆಗಿರಬೇಕು. ಒಬ್ಬರು ಕೂದಲೆಳೆಯಷ್ಟು ತಡ ಮಾಡಿದರೂ ಹಾಡು ಸಡಿಲವಾಗುತ್ತದೆ. ಇಂಥ ಕಡೆ ಶ್ರುತಿ, ಲಯ, ಓದುವ ವೇಗ ಇವಿಷ್ಟು ಇದ್ದರೆ ಒಳಗೆ ಬರಬಹುದು. ಮತ್ತೆ ಮತ್ತೆ ಕರೆ ಬರಬೇಕಾದರೆ ಇನ್ನೊಂದು ಗುಣವೂ ಬೇಕು. ಈ ಹಾಡಿಗೆ ಏನು ಬೇಕು, ಎಷ್ಟು ಸಾಕು ಅಂತ ಗೊತ್ತಿರಬೇಕು.

ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1975ರ 'ಬಾರ್ನ್ ಟು ರನ್' ಆಲ್ಬಂ ಸೆಷನ್ನಿನ ಪ್ರಸಂಗ ನನಗೆ ತುಂಬಾ ಇಷ್ಟ. 'ಟೆಂತ್ ಅವೆನ್ಯೂ ಫ್ರೀಜ್ ಔಟ್' ಹಾಡಿಗೆ ಬ್ರೆಕರ್ ಸಹೋದರರು, ಡೇವಿಡ್ ಸ್ಯಾನ್‌ಬಾರ್ನ್ ಮುಂತಾದ ಘಟಾನುಘಟಿಗಳು ಬಂದಿದ್ದರು. ಬರೆದಿಟ್ಟಿದ್ದ ನೊಟೇಶನ್ ಹಾಡಿಗೆ ಹೊಂದಲಿಲ್ಲ. ಆಗ ಗಿಟಾರ್ ನುಡಿಸುವ ಸ್ಟೀವನ್ ವ್ಯಾನ್ ಜ್ಯಾಂಡ್ಟ್ ಇವರ ಮುಂದೆ ನಿಂತು ಯಾರು ಏನು ನುಡಿಸಬೇಕು ಅಂತ ಬಾಯಲ್ಲೇ ಹಾಡಿ ತೋರಿಸಿದರು. ಇವರು ಅದನ್ನೇ ನುಡಿಸಿದರು. ಹಾಡು ನಿಂತಿತು. ಕೋಲ್ಟ್ರೇನ್ ಸಂಗೀತವನ್ನು ಅರೆದು ಕುಡಿದಿದ್ದ ಮನುಷ್ಯ ಒಂದು ರಾಕ್ ಹಾಡಿಗಾಗಿ ಬಾಯಲ್ಲಿ ಹೇಳಿಕೊಟ್ಟ ಪುಟ್ಟ ಸಾಲನ್ನು ಅಷ್ಟೇ ಶ್ರದ್ಧೆಯಿಂದ ನುಡಿಸಿದ್ದು ಸಣ್ಣ ವಿಷಯವೇ?

ಈಗ ಸೋಲೋಗಳ, ಅಂದರೆ ಹಾಡಿನ ನಡುವೆ ಒಬ್ಬ ವಾದಕ ಮುಂದೆ ಬಂದು ನುಡಿಸುವ ಭಾಗಗಳ ಮಾತಿಗೆ ಬರೋಣ. ನನ್ನ ವಾದ ನಿಂತಿರುವುದೇ ಇಲ್ಲಿ.

1972ರಲ್ಲಿ ಜೇಮ್ಸ್ ಟೇಲರ್ ಅವರ 'ಡೋಂಟ್ ಲೆಟ್ ಮಿ ಬಿ ಲೋನ್ಲಿ ಟುನೈಟ್' ಬಂತು. ಇವತ್ತು ರಾತ್ರಿ ನನ್ನನ್ನು ಒಂಟಿ ಬಿಡಬೇಡ ಅಂತ ಕೇಳಿಕೊಳ್ಳುವ ಹಾಡು. ಅದರಲ್ಲಿ ಸ್ಯಾಕ್ಸೋಫೋನ್ ನುಡಿಸಿದ ಬ್ರೆಕರ್ ಆಗ 23ರ ಹುಡುಗ. ಆ ವಯಸ್ಸಿನಲ್ಲಿ, ಅಷ್ಟು ಕೈಚಳಕ ಇರುವವರಿಗೆ, ಸಿಕ್ಕ ಜಾಗದಲ್ಲಿ ಗೊತ್ತಿರುವುದೆಲ್ಲ ತುಂಬಿಸಿಬಿಡುವ ಆಸೆ ಇರುತ್ತದೆ ಅಲ್ವಾ? ಬ್ರೆಕರ್ ಹಾಗೆ ಮಾಡಲಿಲ್ಲ. ಟೇಲರ್ ಹಾಡುವ ಧಾಟಿಯಲ್ಲೇ ಮಾತು ಮುಂದುವರಿಸಿದರು. ಗಾಯಕ ಬಾಯಿಬಿಟ್ಟು ಹೇಳಲು ಹಿಂಜರಿದದ್ದನ್ನು ಟೆನರ್ ಹೇಳುತ್ತದೆ.

ಮೂರು ವರ್ಷದ ನಂತರ ಪಾಲ್ ಸೈಮನ್ ಅವರ 'ಸ್ಟಿಲ್ ಕ್ರೇಜಿ ಆಫ್ಟರ್ ಆಲ್ ದೀಸ್ ಇಯರ್ಸ್'. ಹಳೆಯ ಪ್ರೇಯಸಿ ಬೀದಿಯಲ್ಲಿ ಸಿಕ್ಕ ಕಥೆ. ಹಾಡು ನಿಧಾನ, ದನಿ ಮೆತ್ತಗೆ. ನಡುವೆ ಬ್ರೆಕರ್ ಬರುತ್ತಾರೆ. ಮೊದಲು ತಗ್ಗಿದ ದನಿ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ, ತುದಿಯಲ್ಲಿ ಎದೆ ಬಿರಿಯುವ ಹಾಗೆ ಒಂದು ಕೂಗು. ಸೋಲೋ ಮುಗಿಯುವಷ್ಟರಲ್ಲಿ ಹಾಡಿನ ಶ್ರುತಿಯೇ ಮೇಲಕ್ಕೆ ಹೋಗಿರುತ್ತದೆ. ಸೈಮನ್ ಕೊನೆಯ ಚರಣವನ್ನು ಆ ಹೊಸ ಶ್ರುತಿಯಲ್ಲಿ ಹಾಡುತ್ತಾರೆ. ಗಾಯಕನನ್ನು ಕೈಹಿಡಿದು ಆ ಎತ್ತರಕ್ಕೆ ಕರೆತಂದದ್ದು ಸ್ಯಾಕ್ಸೋಫೋನ್. ಆ ಭಾಗ ತೆಗೆದುಬಿಟ್ಟರೆ ಕೊನೆಯ ಚರಣ ನಿಲ್ಲುವುದೇ ಇಲ್ಲ. ಇಷ್ಟಕ್ಕೆ ಬ್ರೆಕರ್‌ಗೆ ಸಿಕ್ಕಿದ್ದು ಕೆಲವೇ ಸೆಕೆಂಡು. ಕ್ಲಬ್ಬಿನಲ್ಲಿ ಹತ್ತು ನಿಮಿಷ ಮನೋಧರ್ಮ ತೋರಿಸುವುದು ಒಂದು ವಿದ್ಯೆ. ಕೆಲವು ಸೆಕೆಂಡಿನಲ್ಲಿ ಶುರು, ಏರು, ಮುಕ್ತಾಯ ಎಲ್ಲ ಮುಗಿಸಿ, ಹಾಡನ್ನು ಹಾಡುವವರ ಕೈಗೇ ವಾಪಸ್ ಕೊಡುವುದು ಇನ್ನೊಂದು. ಎರಡನೆಯದು ಕಡಿಮೆ ಅಂತ ಯಾರಾದರೂ ಹೇಳಿದರೆ ಈ ಹಾಡು ಹಾಕಿ ಕೇಳಿಸುತ್ತೇನೆ.

ಇನ್ನು ಹರವು ನೋಡಿ. ಜಾನ್ ಲೆನನ್, ಲೂ ರೀಡ್, ಏರೋಸ್ಮಿತ್, ಪಾರ್ಲಿಮೆಂಟ್ ಅನ್ನುವ ತಂಡ, ಎಲ್ಟನ್ ಜಾನ್, ಫ್ರ್ಯಾಂಕ್ ಝಾಪ್ಪಾ, ಸ್ಟೀಲಿ ಡ್ಯಾನ್, 1984ರಲ್ಲಿ ಫ್ರ್ಯಾಂಕ್ ಸಿನಾತ್ರಾ. ಇವರಲ್ಲಿ ಎಷ್ಟೋ ಜನರ ಕೇಳುಗರು ಒಬ್ಬರನ್ನೊಬ್ಬರು ಮೂಸಿಯೂ ನೋಡುವುದಿಲ್ಲ. ಎಲ್ಲರ ರೆಕಾರ್ಡಿನಲ್ಲೂ ಬ್ರೆಕರ್ ಇದ್ದಾರೆ. ಒಟ್ಟು ಏಳುನೂರಕ್ಕೂ ಹೆಚ್ಚು ಆಲ್ಬಂಗಳು ಅನ್ನುವ ಲೆಕ್ಕ ಇದೆ.

ಹಾಗಂತ ಜಾಝ್ ಬಿಟ್ಟಿದ್ದರು ಅಂತಲ್ಲ. 70ರ ದಶಕದ ಮೊದಲ ಭಾಗದಲ್ಲಿ ಪಿಯಾನೋದ ಹೊರೇಸ್ ಸಿಲ್ವರ್ ತಂಡದಲ್ಲಿದ್ದರು. 1975ರಲ್ಲಿ ಅಣ್ಣನ ಜೊತೆ 'ಬ್ರೆಕರ್ ಬ್ರದರ್ಸ್' ಶುರುವಾಯಿತು. ಆ ಮೊದಲ ಆಲ್ಬಂನ 'ಸಮ್ ಸ್ಕಂಕ್ ಫಂಕ್' ನುಡಿಸಲು ಇವತ್ತಿಗೂ ವಾದಕರು ಬೆವರು ಸುರಿಸುತ್ತಾರೆ. ಅಣ್ಣ ತಮ್ಮ ಸೇರಿ ನ್ಯೂಯಾರ್ಕಿನಲ್ಲಿ 'ಸೆವೆಂತ್ ಅವೆನ್ಯೂ ಸೌತ್' ಅಂತ ಕ್ಲಬ್ಬನ್ನೂ ನಡೆಸಿದರು. 1979ರಲ್ಲಿ ಜೋನಿ ಮಿಚೆಲ್ ಜೊತೆ ಪ್ರವಾಸ ಹೋದರು. ಗಿಟಾರ್ ಪ್ಯಾಟ್ ಮೆಥೀನಿ, ಬೇಸ್ ಜಾಕೋ ಪಾಸ್ಟೋರಿಯಸ್, ಕೀಬೋರ್ಡ್ ಲೈಲ್ ಮೇಸ್. ಒಬ್ಬೊಬ್ಬರೂ ಮುಂದೆ ದಂತಕಥೆಗಳಾದವರು. ಅಂಥವರೆಲ್ಲ ಅಲ್ಲಿ ಒಬ್ಬ ಗಾಯಕಿಯ ಹಿಂದೆ ನಿಂತಿದ್ದರು. 'ಶ್ಯಾಡೋಸ್ ಅಂಡ್ ಲೈಟ್' ಅನ್ನುವ ಹೆಸರಿನಲ್ಲಿ ಅದರ ಧ್ವನಿಮುದ್ರಣ ಸಿಗುತ್ತದೆ, ಹುಡುಕಿ ಕೇಳಿ. ಅದೇ ಕಾಲದಲ್ಲಿ ಮಾದಕ ವಸ್ತುಗಳ ಚಟವೂ ಇತ್ತು. 80ರ ದಶಕದ ಶುರುವಿನಲ್ಲಿ ಅದರಿಂದ ಹೊರಬಂದರು, ಆಮೇಲೆ ಹಾಗೆಯೇ ಉಳಿದರು.

1987ರಲ್ಲಿ ಇಂಪಲ್ಸ್ ಕಂಪನಿಯಿಂದ 'ಮೈಕೆಲ್ ಬ್ರೆಕರ್' ಅನ್ನುವ ಹೆಸರಿನಲ್ಲೇ ಮೊದಲ ಸ್ವಂತ ಆಲ್ಬಂ ಬಂತು. ಕೋಲ್ಟ್ರೇನ್ ರೆಕಾರ್ಡ್ ಮಾಡಿದ ಕಂಪನಿ ಅದು. ಜೊತೆಗೆ ಮೆಥೀನಿ, ಚಾರ್ಲಿ ಹೇಡನ್, ಜ್ಯಾಕ್ ಡಿಜಾನೆಟ್, ಕೆನ್ನಿ ಕರ್ಕ್‌ಲ್ಯಾಂಡ್. ತಡವಾಯಿತು ಅನ್ನುವವರು ಈ ಆಲ್ಬಂ ಕಿವಿಗೊಟ್ಟು ಕೇಳಬೇಕು. ಅಲ್ಲಿ ಆತುರ ಇಲ್ಲ. ಬೇರೆಯವರ ಹಾಡಿನಲ್ಲಿ ಕಲಿತ ಅಳತೆ ಅಲ್ಲಿ ಕೇಳಿಸುತ್ತದೆ. ಇಪ್ಪತ್ತೈದರಲ್ಲಿ ಮಾಡಿದ್ದರೆ ಇನ್ನೊಬ್ಬ ಕೋಲ್ಟ್ರೇನ್ ಶಿಷ್ಯನ ಆಲ್ಬಂ ಆಗುತ್ತಿತ್ತು ಅಂತ ನನಗನ್ನಿಸುತ್ತದೆ.

ಅವರ ಎಲ್ಲ ಕೆಲಸವೂ ನನಗೆ ಒಂದೇ ಸಮ ಇಷ್ಟ ಅಂತಲ್ಲ. ಇಡಬ್ಲ್ಯೂಐ ಅನ್ನುವ, ಊದಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯವನ್ನು ಅವರು ಬಹಳ ಹಚ್ಚಿಕೊಂಡಿದ್ದರು. ಸ್ಟೆಪ್ಸ್ ಅಹೆಡ್ ತಂಡದ ಜೊತೆ ಅದರಲ್ಲಿ ಅದ್ಭುತ ಕೆಲಸ ಮಾಡಿದ್ದಾರೆ, ನಿಜ. ಆದರೆ ಆ ಸಿಂಥ್ ದನಿಗಳಲ್ಲಿ ಕೆಲವಕ್ಕೆ ವಯಸ್ಸಾಗಿದೆ. ಟೆನರ್‌ಗೆ ಆಗಿಲ್ಲ. ಇನ್ನು ವೇಗದ ರಚನೆಗಳಲ್ಲಿ ಕೆಲವು ಕಡೆ ಸ್ವರ ಜಾಸ್ತಿ, ಜಾಗ ಕಡಿಮೆ ಅನ್ನಿಸಿದ್ದೂ ಇದೆ. ಸಂಗೀತ ಕಾಲೇಜಿನ ಹುಡುಗರು ಅನುಕರಿಸಿದ್ದು ಹೆಚ್ಚಾಗಿ ಆ ವೇಗವನ್ನೇ. ಸೈಮನ್ ಹಾಡಿನಲ್ಲಿದ್ದ ಬ್ರೆಕರ್‌ನನ್ನು ಅನುಕರಿಸುವುದು ಅಷ್ಟು ಸುಲಭ ಅಲ್ಲ.

ಸ್ವಂತ ಹೆಸರು ಮಾಡಿದ ಮೇಲೆ ಅವರೇನು ಮಾಡಿದರು ಅನ್ನುವುದನ್ನೂ ನೋಡಬೇಕು. ಮೂರು ಆಲ್ಬಂ ಬಂದಿದ್ದವು, ಗ್ರ್ಯಾಮಿಯೂ ಬಂದಿತ್ತು. ಅಂಥ ಹೊತ್ತಿನಲ್ಲಿ, 1991ರಲ್ಲಿ, ಪಾಲ್ ಸೈಮನ್ ತಂಡ ಸೇರಿ ಮತ್ತೆ ಪಕ್ಕದಲ್ಲಿ ನಿಂತರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ದೊಡ್ಡ ಕಛೇರಿಯಲ್ಲೂ ಇದ್ದರು. ಆ ತಂಡದಲ್ಲಿ ಆಫ್ರಿಕಾದ ವಾದಕರಿದ್ದರು. ಮುಂದೆ ಬ್ರೆಕರ್ ಮಾಡಿದ 'ಆಫ್ರಿಕನ್ ಸ್ಕೈಸ್' ಕೇಳಿದರೆ ಅಲ್ಲಿಂದ ಏನು ಹೊತ್ತು ತಂದರು ಅಂತ ತಿಳಿಯುತ್ತದೆ. 1995ರಲ್ಲಿ ಮೆಕಾಯ್ ಟೈನರ್ ಅವರ ಆಲ್ಬಂಗೆ ಅತಿಥಿಯಾಗಿ ಹೋದರು. ಟೈನರ್ ಅಂದರೆ ಕೋಲ್ಟ್ರೇನ್ ಅವರ ಪಿಯಾನೋದವರು. ಅವರ ಪಕ್ಕ ನಿಂತು ಕೋಲ್ಟ್ರೇನ್ ಅವರದೇ 'ಇಂಪ್ರೆಷನ್ಸ್' ನುಡಿಸಿ, ಆ ಸೋಲೋಗೆ ಗ್ರ್ಯಾಮಿ ಪಡೆದರು. ಪಕ್ಕದ ಕೆಲಸ ಅವರಿಗೆ ಬರೀ ಹೊಟ್ಟೆಪಾಡಾಗಿದ್ದರೆ ಆಗ ಅದನ್ನು ಬಿಡಬಹುದಿತ್ತು.

2001ರ 'ನಿಯರ್‌ನೆಸ್ ಆಫ್ ಯು' ಆಲ್ಬಂನಲ್ಲಿ ಆದದ್ದು ಇನ್ನೂ ಸೊಗಸು. ಆಲ್ಬಂ ಬ್ರೆಕರ್ ಅವರದು. ಅತಿಥಿ ಜೇಮ್ಸ್ ಟೇಲರ್. ಹಾಡು ಅದೇ, 1972ರ 'ಡೋಂಟ್ ಲೆಟ್ ಮಿ ಬಿ ಲೋನ್ಲಿ ಟುನೈಟ್'. ಈ ಸಲ ಗಾಯಕರೇ ಪಕ್ಕದವರು. ಟೇಲರ್‌ಗೆ ಆ ಹಾಡಿಗೆ ಗ್ರ್ಯಾಮಿ ಬಂತು. ಎರಡೂ ಮುದ್ರಣಗಳನ್ನು ಒಂದಾದ ಮೇಲೆ ಒಂದು ಕೇಳಿ. ಇಬ್ಬರಿಗೂ ವಯಸ್ಸಾಗಿದೆ, ದನಿ ಮಾಗಿದೆ.

2005ರಲ್ಲಿ ಎಂಡಿಎಸ್ ಅನ್ನುವ ಕಾಯಿಲೆ ಇದೆ ಅಂತ ತಿಳಿಯಿತು. ಮೂಳೆಯೊಳಗಿನ ಮಜ್ಜೆ ಸರಿಯಾಗಿ ರಕ್ತಕಣ ಮಾಡುವುದಿಲ್ಲ. ರಕ್ತ ಮಾಡುವ ಆರೋಗ್ಯವಂತ ಕಣಗಳನ್ನು ಕೊಡಲು, ದೇಹಕ್ಕೆ ಹೊಂದುವ ದಾನಿ ಬೇಕಿತ್ತು. ಮನೆಯವರು ಬಹಿರಂಗವಾಗಿ ಮನವಿ ಮಾಡಿದರು. ಸಾವಿರಾರು ಜನ ದಾನಿಗಳಾಗಿ ಹೆಸರು ಕೊಟ್ಟರೂ ಅವರಿಗೆ ಪೂರ್ತಿ ಹೊಂದುವವರು ಸಿಗಲಿಲ್ಲ. ಮಗಳು ಅರ್ಧ ಹೊಂದುವ ಕಣಗಳನ್ನೇ ಕೊಟ್ಟಳು. 2006ರ ಆಗಸ್ಟ್‌ನಲ್ಲಿ, ಆ ಸ್ಥಿತಿಯಲ್ಲೇ, ಕೊನೆಯ ಆಲ್ಬಂ 'ಪಿಲ್ಗ್ರಿಮೇಜ್' ರೆಕಾರ್ಡ್ ಮಾಡಿದರು. ಹರ್ಬಿ ಹ್ಯಾನ್‌ಕಾಕ್, ಬ್ರ್ಯಾಡ್ ಮೆಲ್ಡಾವ್, ಮೆಥೀನಿ, ಡಿಜಾನೆಟ್, ಜಾನ್ ಪ್ಯಾಟಿಟೂಚಿ ಜೊತೆಗಿದ್ದರು. ರಚನೆಗಳೆಲ್ಲ ಬ್ರೆಕರ್ ಅವರವೇ. ಕೇಳಿದರೆ ಕಾಯಿಲೆಯವರ ಉಸಿರು ಅಂತ ಯಾರೂ ಹೇಳಲಾರರು. 2007ರ ಜನವರಿ 13ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡರು. ಆಲ್ಬಂ ಬಂದದ್ದು ಆಮೇಲೆ. ತೀರಿಹೋದ ಮೇಲೂ ಗ್ರ್ಯಾಮಿ ಬಂತು. ಒಟ್ಟು 15. ಅಂದ ಹಾಗೆ, ಇಂಥ ದಾನಿಗಳ ನೋಂದಣಿ ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಯಲ್ಲೂ ಇದೆ. ಮೊದಲಿಗೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ದಯವಿಟ್ಟು ವಿಚಾರಿಸಿ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಬ್ರೆಕರ್ ಎಲ್ಲೆಲ್ಲಿ ನುಡಿಸಿದ್ದಾರೆ ಅಂತ ನಮಗೆ ಗೊತ್ತಿರುವುದು ಆ ಎಲ್‌ಪಿಗಳ ಕವರಿನಲ್ಲಿ ವಾದಕರ ಹೆಸರು ಅಚ್ಚು ಹಾಕಿದ್ದರಿಂದ. ನಮ್ಮ ಸಿನಿಮಾ ಹಾಡಿನ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಗಾಯಕರು, ಸಾಹಿತ್ಯ, ಸಂಗೀತ ನಿರ್ದೇಶಕರ ಹೆಸರಿಗೆ ಮುಗಿಯಿತು. ಈಗಿನ ಆ್ಯಪ್‌ಗಳಲ್ಲೂ ಹೆಚ್ಚಿನ ಹಾಡುಗಳದು ಅದೇ ಕಥೆ. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ಬರುವ ಆ ಕೊಳಲು ಯಾರದು? ಆ ವಯಲಿನ್, ಆ ಗಿಟಾರ್, ಆ ಸ್ಯಾಕ್ಸೋಫೋನ್ ಯಾರದು? ಹಾಡಿನ ಮಾತು ಮರೆತಾಗಲೂ ನಾವು ಆ ಬಿಟ್‌ಗಳನ್ನು ಬಾಯಲ್ಲಿ ಗುನುಗುತ್ತೇವೆ.

ವಾದ್ಯಗೋಷ್ಠಿಗಳಲ್ಲಿ, ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು, ಅವರನ್ನು ಬಲ್ಲವರು ಇಲ್ಲಿ ಯಾರಾದರೂ ಇದ್ದೇ ಇರುತ್ತೀರಿ. ಯಾವ ಕನ್ನಡ ಹಾಡಿನಲ್ಲಿ ಯಾವ ವಾದ್ಯ ಯಾರು ನುಡಿಸಿದ್ದು ಅಂತ ಖಚಿತವಾಗಿ ಗೊತ್ತಿದ್ದರೆ, ಹಾಡಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ಬಂದದ್ದನ್ನೆಲ್ಲ ಒಂದು ಕಡೆ ಸೇರಿಸಿ ಮತ್ತೆ ಇಲ್ಲೇ ಹಾಕುತ್ತೇನೆ.