ದೊಡ್ಡ ಠಾಣೆಯಲ್ಲಿ ಅಪ್ಪ

ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪ ಹಾಂಗ್‌ಕಾಂಗಿಗೆ ಬಂದಿದ್ದರು. ಕರಾವಳಿಯ ಬಂದರು ಊರಿನ ಠಾಣೆಗಳಲ್ಲಿ ಮೂವತ್ತೊಂದು ವರ್ಷ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು ಅವರು. ನಾನು ಹುಟ್ಟಿ ಬೆಳೆದದ್ದೆಲ್ಲ ಪೊಲೀಸ್ ಲೇನಿನ ಎರಡು ಕೋಣೆಯ ಮನೆಯಲ್ಲಿ. ಮೊದಲ ವಾರ ಅವರನ್ನು ಬೆಟ್ಟ ಹತ್ತಿಸಿದೆವು, ದೋಣಿಯಲ್ಲಿ ಕೂರಿಸಿದೆವು, ದೊಡ್ಡ ಬುದ್ಧನ ಮುಂದೆ ನಿಲ್ಲಿಸಿ ಫೋಟೋ ತೆಗೆದೆವು. ಎಲ್ಲದಕ್ಕೂ "ಚಂದ ಉಂಟು" ಅಂದರು, ಅಷ್ಟೇ. ಒಂದು ದಿನ ಬೆಳಿಗ್ಗೆ ಚಾ ಕುಡಿಯುತ್ತಾ ಅವರೇ ಕೇಳಿದರು: "ಬ್ರಿಟಿಷರ ಕಾಲದ ಸ್ಟೇಷನ್ ಯಾವುದಾದ್ರೂ ಉಂಟಾ ಮಾರಾಯ್ತಿ ಇಲ್ಲಿ?"

ಉಂಟು. ಊರಿನ ನಟ್ಟನಡುವೆ, ಹಾಲಿವುಡ್ ರಸ್ತೆಯ ಏರಿನಲ್ಲಿ. ಸರ್ಕಾರಿ ಕಡತದಲ್ಲಿ ಅದು ಸೆಂಟ್ರಲ್ ಪೊಲೀಸ್ ಸ್ಟೇಷನ್. ಇಲ್ಲಿನ ಕ್ಯಾಂಟನೀಸ್ ಜನ ಮೊದಲಿನಿಂದಲೂ ಕರೆದುಕೊಂಡು ಬಂದದ್ದು 'ತೈ ಕ್ವುನ್' ಎಂದು. ದೊಡ್ಡ ಠಾಣೆ ಎಂದರ್ಥ. ನಮ್ಮೂರಲ್ಲಿ ಬೋರ್ಡಿನ ಮೇಲೆ ಏನೇ ಬರೆದಿದ್ದರೂ ಜನ 'ಬಂದರ್ ಠಾಣೆ' ಅನ್ನುವ ಹಾಗೆ. 2018ರಲ್ಲಿ ಇಡೀ ಆವರಣವನ್ನು ದುರಸ್ತಿ ಮಾಡಿ ಸಾರ್ವಜನಿಕರಿಗೆ ತೆರೆದಾಗ ಜನರ ಬಾಯಲ್ಲಿದ್ದ ಆ ಹೆಸರನ್ನೇ ಇಟ್ಟರು. ನನಗೆ ಅದು ಬಹಳ ಹಿಡಿಸಿತು.

ಬ್ರಿಟಿಷರು ಈ ದ್ವೀಪಕ್ಕೆ ಕಾಲಿಟ್ಟದ್ದು 1841ರಲ್ಲಿ. ಊರು ಎಂಬುದು ಸರಿಯಾಗಿ ಹುಟ್ಟುವ ಮೊದಲೇ, ಅದೇ ವರ್ಷ, ವಿಲಿಯಂ ಕೇನ್ ಎಂಬ ಸೈನ್ಯಾಧಿಕಾರಿಯನ್ನು ಮುಖ್ಯ ಮ್ಯಾಜಿಸ್ಟ್ರೇಟನನ್ನಾಗಿ ನೇಮಿಸಿದರು, ಇದೇ ಏರಿನಲ್ಲಿ ಜೈಲು ಕಟ್ಟಿದರು. ಬಂದರು ಊರುಗಳಲ್ಲಿ ಇದು ಆಶ್ಚರ್ಯದ ಮಾತಲ್ಲ. ಹಡಗು ಬಂತು ಎಂದರೆ ತಿಂಗಳುಗಟ್ಟಲೆ ನೀರಿನ ಮೇಲಿದ್ದು ಕುಡಿಯಲು ಹಾತೊರೆಯುವ ನಾವಿಕರು ಬಂದರು, ಅಫೀಮು ಬಂತು, ಕೂಲಿಗಳು ಬಂದರು, ಗೋದಾಮಿನ ಕಳ್ಳತನ ಬಂತು. ವ್ಯಾಪಾರಿಗಳಿಗೆ ಮೊದಲು ಬೇಕಾದದ್ದು ಸರಕಿನ ಕಾವಲು. ಶಾಲೆ, ಆಸ್ಪತ್ರೆ ಎಲ್ಲ ಆಮೇಲೆ.

1864ರಲ್ಲಿ ಪೊಲೀಸರು ವಾಸಿಸುವ ಮೂರಂತಸ್ತಿನ ಬ್ಯಾರಕ್ ಎದ್ದಿತು, 1905ರಲ್ಲಿ ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. 1914ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟು. 1919ರಲ್ಲಿ ರಸ್ತೆಗೆ ಮುಖ ಮಾಡಿ ದಪ್ಪ ದಪ್ಪ ಕಂಬಗಳ ಮುಖ್ಯ ಕಚೇರಿ. ಹಿಂಬದಿಯಲ್ಲಿ ವಿಕ್ಟೋರಿಯಾ ಜೈಲು. ಹಿಡಿದು ತರುವುದು, ಹೆಸರು ಬರೆದುಕೊಳ್ಳುವುದು, ತೀರ್ಪು ಕೊಡುವುದು, ಬೀಗ ಹಾಕುವುದು ಎಲ್ಲ ಒಂದೇ ಕಾಂಪೌಂಡಿನ ಒಳಗೆ. ರಸ್ತೆಯ ಬಾಗಿಲಲ್ಲಿ ಒಳಗೆ ಬಂದವನು ಮತ್ತೆ ರಸ್ತೆ ಕಾಣದೆ ಜೈಲು ಸೇರಬಹುದಿತ್ತು.

ಅಪ್ಪನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಗೇಟು ದಾಟಿದ್ದೇ ಅವರ ನಡಿಗೆ ಬದಲಾಯಿತು. ಪೆರೇಡ್ ಮೈದಾನದ ನಡುವೆ ನಿಂತು ಒಮ್ಮೆ ಸುತ್ತ ನೋಡಿ, "ಇಲ್ಲಿ ರೋಲ್ ಕಾಲ್. ಅಲ್ಲಿ ಮೇಲೆ ಸಿಪಾಯಿಗಳ ವಾಸ. ಸಾಹೇಬರು ಆ ಜಗಲಿಯಿಂದ ನೋಡ್ತಾರೆ" ಅಂದರು. ಯಾವ ಫಲಕವನ್ನೂ ಓದಿರಲಿಲ್ಲ ಅವರು.

ಅವರಿಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಕಾರಣ ಇದೆ. ಹಾಂಗ್‌ಕಾಂಗಿನ ಪೊಲೀಸ್ ಪಡೆಯೂ ನಮ್ಮ ಪೊಲೀಸ್ ವ್ಯವಸ್ಥೆಯೂ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ. ಮದರಾಸು ಪ್ರಾಂತ್ಯದ ಪೊಲೀಸ್ ಕಾಯ್ದೆ 1859ರದ್ದು, ಮಂಗಳೂರು ಆಗ ಆ ಪ್ರಾಂತ್ಯದ್ದೇ. ಇಡೀ ದೇಶದ ಕಾಯ್ದೆ ಬಂದದ್ದು 1861ರಲ್ಲಿ. ಇವೆಲ್ಲದರ ಹಿಂದೆ ಇದ್ದದ್ದು ಐರ್ಲೆಂಡಿನ ಮಾದರಿ. ಆ ಮಾದರಿಯಲ್ಲಿ ಪೊಲೀಸನು ಊರಿನವನ ಹಾಗೆ ಊರಲ್ಲಿ ಬಾಳಬಾರದು, ಆಯುಧ ಹಿಡಿದು ಸಾಲುಮನೆಯಲ್ಲಿ ಇರಬೇಕು, ಕರೆದ ತಕ್ಷಣ ಸಾಲಾಗಿ ನಿಲ್ಲಬೇಕು. ನಾನು ಆಡಿ ಬೆಳೆದ ಪೊಲೀಸ್ ಲೇನು ಠಾಣೆಗೆ ಅಂಟಿಕೊಂಡೇ ಯಾಕಿತ್ತು ಎಂದು ನನಗೆ ಅರ್ಥವಾದದ್ದು ನಲವತ್ತು ದಾಟಿದ ಮೇಲೆ, ಬೇರೆ ದೇಶದ ಒಂದು ಮೈದಾನದಲ್ಲಿ ನಿಂತು.

ಆ ಮೈದಾನದ ಬದಿಯಲ್ಲಿ ಒಂದು ಮಾವಿನ ಮರ ಇದೆ. ಮರ ತುಂಬ ಕಾಯಿ ಬಿಟ್ಟ ವರ್ಷ ಠಾಣೆಯವರಿಗೆ ಹೆಚ್ಚು ಬಡ್ತಿ ಸಿಗುತ್ತದೆ ಎಂದು ಇಲ್ಲಿನ ಪೊಲೀಸರು ನಂಬುತ್ತಿದ್ದರಂತೆ. ಅಪ್ಪನಿಗೆ ಹೇಳಿದೆ. ಕುತ್ತಿಗೆ ಎತ್ತಿ ಕೊಂಬೆ ಕೊಂಬೆಯನ್ನೂ ನೋಡಿದರು. ಕಾನ್‌ಸ್ಟೇಬಲ್ ಆಗಿದ್ದವರು ಹೆಡ್ ಕಾನ್‌ಸ್ಟೇಬಲ್ ಆಗಲು ಅವರಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಆ ಪಟ್ಟಿ ತೋಳಿಗೆ ಏರಿದ ದಿನ ಅಮ್ಮ ಹೆಸರುಬೇಳೆ ಪಾಯಸ ಮಾಡಿದ್ದು ನನಗಿನ್ನೂ ನೆನಪಿದೆ.

ಒಳಗೆ ಹೋದೆವು. ಹಾಂಗ್‌ಕಾಂಗ್ ಪೊಲೀಸರ ಕಾಲರಿನ ನಂಬರಿಗೆ ಹಿಂದೆಲ್ಲ ಒಂದು ಅಕ್ಷರ ಅಂಟಿಕೊಂಡಿರುತ್ತಿತ್ತು. ಯುರೋಪಿಯನ್ನರಿಗೆ 'ಎ'. ಭಾರತೀಯರಿಗೆ 'ಬಿ'. ಕ್ಯಾಂಟನೀಸರಿಗೆ 'ಸಿ'. 1920ರ ದಶಕದಲ್ಲಿ ಉತ್ತರ ಚೀನಾದ ಶಾನ್‌ಡಾಂಗ್ ಕಡೆಯಿಂದ ತಂದವರಿಗೆ 'ಡಿ'. ನಂಬರು ನೋಡಿದರೆ ಸಾಕು, ಮನುಷ್ಯನ ಜನಾಂಗ ಗೊತ್ತಾಗಬೇಕು. ನಮ್ಮವರನ್ನು ಇಲ್ಲಿಗೆ ಮೊದಲು ತಂದದ್ದು ಮುಂಬೈ ಕಡೆಯಿಂದ, ಆಮೇಲೆ 1867ರಿಂದ ಪಂಜಾಬಿನ ಸಿಖ್ಖರನ್ನು. ಚೀನೀಯರನ್ನು ಕಾಯಲು ಚೀನೀಯರನ್ನು ನಂಬಲಾಗದು, ಯುರೋಪಿಯನ್ನರಿಗೆ ಸಂಬಳ ಜಾಸ್ತಿ ಕೊಡಬೇಕು. ಹಾಗಾಗಿ ಭಾಷೆ ಬಾರದ, ನೆಂಟರಿಷ್ಟರಿಲ್ಲದ ಪರದೇಶಿಯನ್ನು ತಂದು ಬೀದಿಯಲ್ಲಿ ನಿಲ್ಲಿಸಿದರು. ಇಲ್ಲಿನ ಚೀನೀಯರು 1840ರ ದಶಕದಿಂದ 1897ರವರೆಗೆ ರಾತ್ರಿ ಹೊತ್ತು ಹೊರಗೆ ಹೋಗಬೇಕಾದರೆ ಕೈಯಲ್ಲಿ ದೀಪ, ಜೇಬಲ್ಲಿ ಪಾಸು ಇಟ್ಟುಕೊಳ್ಳಬೇಕಿತ್ತು. ತಮ್ಮದೇ ಊರಿನಲ್ಲಿ! ಆ ಪಾಸು ಕೇಳುತ್ತಾ ಬೀದಿ ಬದಿಯಲ್ಲಿ ನಿಂತವರಲ್ಲಿ ನಮ್ಮವರೂ ಇದ್ದರು. ಬೈಗುಳವೆಲ್ಲ ಅವರ ಪಾಲಿಗೆ ಬಂತು. ಲಾಭ ಯಾರಿಗೆ ಹೋಯಿತು ಎಂದು ಬೇರೆ ಹೇಳಬೇಕಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಇವ್ರಿಗೆ ರಜೆಯಲ್ಲಿ ಊರಿಗೆ ಹೋಗ್ಲಿಕ್ಕೆ ಎಷ್ಟು ದಿನ ಬೇಕಾಗ್ತಿತ್ತು?"

ಜೈಲಿನ ಒಂದು ಸಾಲನ್ನು ಇದ್ದ ಹಾಗೇ ಉಳಿಸಿ, ನೋಡಲು ಒಳಗೆ ಬಿಡುತ್ತಾರೆ. ಕೋಣೆಯಲ್ಲಿ ಎರಡೂ ಕೈ ಚಾಚಿದರೆ ಗೋಡೆಗೆ ತಾಗುತ್ತದೇನೋ ಅನ್ನಿಸುವಷ್ಟು ಇಕ್ಕಟ್ಟು. ಎತ್ತರದಲ್ಲೊಂದು ಕಿಂಡಿ. ಅಪ್ಪ ಒಳಗೆ ಹೋಗಿ, ತಿರುಗಿ, ಬಾಗಿಲ ಕಡೆ ಮುಖ ಮಾಡಿ ನಿಂತರು. ಬಾಗಿಲಿನ ಹೊರಗೆ ನಿಂತು ಒಳಗಿನವರನ್ನು ಎಣಿಸುವುದೇ ಮೂವತ್ತೊಂದು ವರ್ಷದ ಅಭ್ಯಾಸ ಅವರಿಗೆ. ಒಳಗಿನಿಂದ ಹೊರಗೆ ನೋಡಿದ್ದು ಬಹುಶಃ ಅದೇ ಮೊದಲು. ಇದೇ ಜೈಲಿನಲ್ಲಿ 1931ರಲ್ಲಿ ವಿಯೆಟ್ನಾಮಿನ ಕ್ರಾಂತಿಕಾರಿ ನಾಯಕ ಹೋ ಚಿ ಮಿನ್ ಸೆರೆಯಲ್ಲಿದ್ದರು, ಬೇರೆ ಹೆಸರಿನಲ್ಲಿ ಓಡಾಡುತ್ತಿದ್ದಾಗ ಸಿಕ್ಕಿಬಿದ್ದು. ಆದರೆ ಅಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ದೊಡ್ಡವರ ಕಥೆಯಲ್ಲ, ದೀಪ ಆರಿಹೋಯಿತೆಂದೋ ಪಾಸು ಮನೆಯಲ್ಲಿ ಮರೆತೆನೆಂದೋ ಸಿಕ್ಕಿಬಿದ್ದ ಯಾವನೋ ಮೀನು ಮಾರುವವನು.

ಈ ಬರಹ ಬರೆಯಲು ಕೂತದ್ದು ಮುಖ್ಯವಾಗಿ ಇದಕ್ಕೆ. ಹಳೆಯ ಸರ್ಕಾರಿ ಕಟ್ಟಡ ಉಳಿಸಬೇಕು ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಉಳಿಸುವುದು ಎಂದರೆ ಮುಂಭಾಗಕ್ಕೆ ಸುಣ್ಣ ಬಳಿದು ಲೈಟು ಹಾಕುವುದು ಎಂದೇ ನಮ್ಮ ಲೆಕ್ಕ. ಠಾಣೆಯ ಮಟ್ಟಿಗೆ ಈ ಲೆಕ್ಕ ತಪ್ಪು. ಮುಂಭಾಗ ಕಟ್ಟಿದ್ದೇ ದೊಡ್ಡಸ್ತಿಕೆ ತೋರಿಸಲು. ಅದನ್ನೊಂದೇ ಉಳಿಸಿದರೆ ಕಟ್ಟಿಸಿದವರು ಏನು ತೋರಿಸಬೇಕೆಂದಿದ್ದರೋ ಅದನ್ನೇ ನಾವು ಮತ್ತೆ ತೋರಿಸಿದಂತಾಗುತ್ತದೆ. ಉಳಿಯಬೇಕಾದದ್ದು ಒಬ್ಬ ಮನುಷ್ಯನನ್ನು ಗೇಟಿನಿಂದ ಸೆರೆಮನೆಯವರೆಗೆ ನಡೆಸಿಕೊಂಡು ಹೋದ ದಾರಿ, ಆ ದಾರಿಯ ಬದಿಯ ಕೋಣೆಗಳು, ಆ ಕೋಣೆಗಳ ಅಳತೆ.

ತೈ ಕ್ವುನ್‌ನಲ್ಲಿ ಅದು ಉಳಿದಿದೆ, ಸುಲಭವಾಗಿ ಅಲ್ಲ. 1995ರಲ್ಲೇ ಸಂರಕ್ಷಿತ ಸ್ಮಾರಕ ಎಂದು ಘೋಷಿಸಿದ್ದರೂ, ಪೊಲೀಸರೂ ಕೈದಿಗಳೂ ಖಾಲಿ ಮಾಡುವ ಹೊತ್ತಿಗೆ ವ್ಯಾಪಾರಕ್ಕೆ ಕೊಡುವ ಮಾತು ಎದ್ದಿತು. ಜನ ವಿರೋಧಿಸಿದರು. ಆಮೇಲೆ ಬಂದ ಯೋಜನೆಯಲ್ಲಿ ಹಳೆ ಕಟ್ಟಡಗಳ ನೆತ್ತಿಯ ಮೇಲೆ ಎತ್ತರದ ಹೊಸ ಗೋಪುರವೊಂದು ಇತ್ತು. ಅದನ್ನೂ ವಿರೋಧಿಸಿ ಕೈಬಿಡಿಸಿದರು. ಕೊನೆಗೆ ಹದಿನಾರು ಹಳೆ ಕಟ್ಟಡಗಳನ್ನು ಉಳಿಸಿಕೊಂಡು ಸುಮಾರು 380 ಕೋಟಿ ಹಾಂಗ್‌ಕಾಂಗ್ ಡಾಲರ್ ಖರ್ಚಿನಲ್ಲಿ ಕೆಲಸ ಮುಗಿಯಿತು. ನಡುವೆ 2016ರಲ್ಲಿ ಇನ್‌ಸ್ಪೆಕ್ಟರುಗಳ ವಸತಿ ಕಟ್ಟಡದ ಒಂದು ಭಾಗವೇ ಕುಸಿದು ಬಿತ್ತು. ಅಷ್ಟು ದುಡ್ಡು, ಅಷ್ಟು ಜಾಣ ಎಂಜಿನಿಯರುಗಳು ಇದ್ದೂ ಹೀಗಾಯಿತು ಎಂದರೆ ಹಳೆ ಗೋಡೆ ಮುಟ್ಟುವ ಕೆಲಸ ಎಷ್ಟು ಕಷ್ಟದ್ದು ನೋಡಿ. ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಸೆರೆಕೋಣೆಗಳ ಒಂದು ಸಾಲಿನಲ್ಲಿ ಈಗ ಬಾರ್ ನಡೆಯುತ್ತದೆ. ಜನ ಕಂಬಿಯ ಹಿಂದೆ ಕೂತು ಗ್ಲಾಸು ಎತ್ತಿ ಸೆಲ್ಫಿ ತೆಗೆದುಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದರೂ ಕೊಲ್ಲಿಯ ಆಚೆ ದಡದಲ್ಲಿ ಆದದ್ದಕ್ಕಿಂತ ಇದು ಎಷ್ಟೋ ವಾಸಿ. ಅಲ್ಲಿ 1884ರ ಜಲ ಪೊಲೀಸರ ಮುಖ್ಯ ಠಾಣೆ ಒಂದು ಸಣ್ಣ ಗುಡ್ಡದ ಮೇಲಿತ್ತು. ಗುಡ್ಡ ಯಾಕೆಂದರೆ ಬಂದರಿನ ಪ್ರತಿ ಹಡಗೂ ಅಲ್ಲಿಂದ ಕಾಣಬೇಕಿತ್ತು. ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲೆಂದು ದಿನಾ ಹೊತ್ತಿಗೆ ಸರಿಯಾಗಿ ಕಂಬದಿಂದ ಚೆಂಡೊಂದನ್ನು ಕೆಳಗೆ ಬಿಡುವ ಗೋಪುರವೂ ಅದೇ ಆವರಣದಲ್ಲಿತ್ತು. 1996ರಲ್ಲಿ ಪೊಲೀಸರು ಹೋದರು, 2009ರ ಹೊತ್ತಿಗೆ ಅದು ಹೋಟೆಲೂ ದುಬಾರಿ ಅಂಗಡಿಗಳ ಸಾಲೂ ಆಯಿತು. ಅಂಗಡಿಗಳಿಗೆ ಜಾಗ ಮಾಡಲು ಗುಡ್ಡವನ್ನೇ ಅಗೆದರು, ಮರ ತೆಗೆದರು. ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. "ಮದುವೆ ಹಾಲ್ ಹಾಗೆ ಉಂಟು" ಅಂದು ಹತ್ತು ನಿಮಿಷದಲ್ಲಿ ಹೊರಟರು. ಸಿಂಗಾಪುರದ ಹಿಲ್ ಸ್ಟ್ರೀಟ್ ಠಾಣೆಯನ್ನೂ ನಾನು ನೋಡಿದ್ದೇನೆ. 1934ರ ಕಟ್ಟಡ, 1980ರವರೆಗೆ ಪೊಲೀಸರು ಇದ್ದರು. ಅದರ 927 ಕಿಟಕಿಗಳಿಗೆ ಈಗ ಕಾಮನಬಿಲ್ಲಿನ ಬಣ್ಣ. ಚಂದವೇ. ಆದರೆ ಆ ಬಣ್ಣದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಅದು ಠಾಣೆಯಾಗಿತ್ತು ಎಂಬುದೇ ನೆನಪಿಗೆ ಬರಲಿಕ್ಕಿಲ್ಲ.

ನಮ್ಮ ದೇಶದಲ್ಲಿ ಇಷ್ಟು ವಾದ ಮಾಡುವ ಹೊತ್ತೂ ಸಿಗುವುದಿಲ್ಲ. ಪುದುಚೇರಿಯ ಸಮುದ್ರ ದಂಡೆಯಲ್ಲಿದ್ದ ಫ್ರೆಂಚರ ಕಾಲದ ನಗರಸಭಾ ಭವನ, ಮೇರಿ ಎನ್ನುತ್ತಾರೆ ಅದನ್ನು, ವರ್ಷಗಟ್ಟಲೆ ಹಾಗೇ ಬಿಟ್ಟು ಬಿಟ್ಟು 2014ರ ನವೆಂಬರ್ ಮಳೆಯಲ್ಲಿ ಕುಸಿದು ರಾಶಿಯಾಯಿತು. ಅದೇ ರೂಪದಲ್ಲಿ ಮತ್ತೆ ಕಟ್ಟಿ 2021ರಲ್ಲಿ ಉದ್ಘಾಟಿಸಿದರು. ನೋಡಲು ಹಾಗೇ ಇದೆ. ಆದರೆ ಗೋಡೆ ಹೊಸದು. ನೂರನಲವತ್ತು ವರ್ಷ ಜನ ಜನನ ಮರಣ ಬರೆಸಲು ಹೋಗಿ ಒರಗಿ ನಿಂತ ಗೋಡೆ ಮಳೆಯಲ್ಲೇ ಹೋಯಿತು.

ಅಪ್ಪ ಕೆಲಸಕ್ಕೆ ಸೇರಿದ ಮೊದಲ ಠಾಣೆಯನ್ನು ಕೆಡವಿ ಬಹಳ ವರ್ಷವಾಯಿತು. ಕೆಂಪು ಹಂಚಿನ ಮಾಡು, ಮುರಕಲ್ಲಿನ ಗೋಡೆ, ಮುಂದೆ ಉದ್ದಕ್ಕೆ ಜಗಲಿ. ಈಗ ಅಲ್ಲಿ ಗಾಜಿನ ಕಿಟಕಿಯ ಕಾಂಕ್ರೀಟು ಕಟ್ಟಡ. ಹೊಸ ಠಾಣೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಳೆಗಾಲದಲ್ಲಿ ಕಡತಗಳ ಮೇಲೆ ನೀರು ಸೋರುತ್ತಿತ್ತು, ಸಿಬ್ಬಂದಿಗೆ ಒಂದೇ ಕಕ್ಕಸು. ಆದರೆ ಕೆಡವುವ ಮೊದಲು ಯಾರೂ ಒಂದು ಅಳತೆ ತೆಗೆದಿಡಲಿಲ್ಲ, ಲಾಕಪ್ಪಿನ ಒಂದು ಫೋಟೋ ತೆಗೆಯಲಿಲ್ಲ. ಮುಂಭಾಗದ ಒಂದು ಫೋಟೋ ಮಾತ್ರ ನಮ್ಮ ಮನೆಯಲ್ಲಿದೆ, ಯಾವುದೋ ಸಾಹೇಬರ ಬೀಳ್ಕೊಡುಗೆಯದ್ದು. ಹಿಂದಿನ ಸಾಲಿನ ಕೊನೆಯಲ್ಲಿ ಅಪ್ಪ ಅರ್ಧ ಕಾಣುತ್ತಾರೆ.

ತೈ ಕ್ವುನ್‌ನಿಂದ ಮನೆಗೆ ಬಂದ ರಾತ್ರಿ ಅಪ್ಪ ನನ್ನ ಮಗಳ ಡ್ರಾಯಿಂಗ್ ಪುಸ್ತಕ ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು, ಸ್ಕೇಲು ಹಿಡಿದು, ಆ ಹಳೆ ಠಾಣೆಯ ನಕ್ಷೆ ಬರೆಯಲು ಕೂತರು. ಗೇಟು, ಗೇಟಿನ ಪಕ್ಕ ಪಹರೆಯವನು ನಿಲ್ಲುವ ಜಾಗ, ಜಗಲಿ, ರೈಟರರ ಮೇಜು, ಎಸ್‌ಐ ಸಾಹೇಬರ ಕೋಣೆ, ಬಂದೂಕು ಇಡುವ ಕೋಣೆ, ಬಾವಿ, ಹಲಸಿನ ಮರ. ಲಾಕಪ್ಪಿನ ಚೌಕದೊಳಗೆ ಅಳತೆ ಬರೆದರು, ಎಂಟಡಿ ಹತ್ತಡಿ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಕೆಲವೊಮ್ಮೆ 9 ಜನ'. ನಾನು ಏನೂ ಕೇಳದೆ ನೋಡುತ್ತಾ ಕೂತಿದ್ದೆ. ಪೂರ್ತಿ ಆಯಿತು ಎಂದು ಪೆನ್ಸಿಲು ಕೆಳಗಿಟ್ಟ ಮೇಲೆ ಕೇಳಿದೆ, "ಅಪ್ಪ, ಹೆಂಗಸರನ್ನು ತಂದ್ರೆ ಎಲ್ಲಿ ಇಡ್ತಿದ್ರಿ?"

ಅವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪೆನ್ಸಿಲು ಎತ್ತಿಕೊಂಡು ಜಗಲಿಯ ಮೂಲೆಯಲ್ಲಿ, ಕಂಬದ ಪಕ್ಕ, ಒಂದು ಸಣ್ಣ ಚುಕ್ಕೆ ಇಟ್ಟರು.