ಇಷ್ಟೊಂದು ಇಂಜಿನಿಯರ್‌ಗಳಿರುವ ಊರಲ್ಲಿ ಒಬ್ಬರೂ ಸಿಗುತ್ತಿಲ್ಲ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಪೂರ್ಣಾಂಕಗಳ ಲೆಕ್ಕ ಮಾಡುವ ನಂಬರ್ ಥಿಯರಿ ಪ್ರೋಗ್ರಾಂ ಒಂದು ನಮ್ಮದಿದೆ. ಪೂರ್ತಿ ಓಪನ್ ಸೋರ್ಸ್, ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಇವತ್ತು ಅದನ್ನು ಕಾಲೇಜಿನ ವಿಂಡೋಸ್ ಲ್ಯಾಬಿನಲ್ಲಿ ಕಂಪೈಲ್ ಮಾಡಿ ನೋಡಿದೆವು. ಬಿ.ಎಸ್ಸಿ. ಹುಡುಗಿಯೊಬ್ಬಳು 2ರ ಘಾತ 40 ಎಷ್ಟು ಅಂತ ಕೊಟ್ಟಳು. 1099511627776 ಬರಬೇಕಿತ್ತು. ಬಂದದ್ದು 0.

"ಮೇಡಂ, ಎರಡನ್ನ ಎಷ್ಟು ಸಲ ಗುಣಿಸಿದ್ರೂ ಸೊನ್ನೆ ಹೇಗೆ ಬರುತ್ತೆ?" ಅಂದಳು. ಎಂಥ ಒಳ್ಳೆಯ ಪ್ರಶ್ನೆ ಅಲ್ವಾ!

ಕಾರಣ ಇಷ್ಟೇ. ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ಲಾಂಗ್ ಅನ್ನುವ ಜಾಗ 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್. ಅದೇ ಲಾಂಗ್ 64 ಬಿಟ್ ವಿಂಡೋಸ್‌ನಲ್ಲೂ 32 ಬಿಟ್ಟೇ. ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ, ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ. ಇಲ್ಲಿ ಉಳಿದದ್ದು ಬರೀ ಸೊನ್ನೆ. ಎರರ್ ಕೂಡ ತೋರಿಸಲಿಲ್ಲ. ತಪ್ಪು ಉತ್ತರ ಕೊಟ್ಟು ಸುಮ್ನೆ ಕೂತಿತು. ಗಣಿತದ ಸಾಫ್ಟ್‌ವೇರ್‌ನಲ್ಲಿ ಇದಕ್ಕಿಂತ ಅಪಾಯ ಇನ್ನೇನಿದೆ?

ಇದನ್ನು ಸರಿ ಮಾಡಲು ಗಣಿತ ಗೊತ್ತಿರಬೇಕಾಗಿಲ್ಲ. ಫೈಲ್ ಫೈಲ್ ತೆಗೆದು ಲಾಂಗ್ ಎಲ್ಲೆಲ್ಲಿದೆ ಅಂತ ಹುಡುಕಬೇಕು, ಬದಲಿಸಬೇಕು, ಟೆಸ್ಟ್ ಓಡಿಸಬೇಕು. ಆಮೇಲೆ ಫೋರ್ಕ್ (ಓಡುತ್ತಿರುವ ಪ್ರೋಗ್ರಾಂನ ಇನ್ನೊಂದು ಪ್ರತಿ ಶುರು ಮಾಡುವ ಆಜ್ಞೆ) ಕರೆಯುವ ಜಾಗ. ವಿಂಡೋಸ್‌ನಲ್ಲಿ ಅದು ಇಲ್ಲವೇ ಇಲ್ಲ, ಬೇರೆ ರೀತಿ ಬರೆಯಬೇಕು. ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾವಿರಾರು ಜನ ದಿನಾ ಆಫೀಸಿನಲ್ಲಿ ಮಾಡುವ ಕೆಲಸ ಇದು. ನಾನು ಗೊತ್ತಿದ್ದವರನ್ನೆಲ್ಲ ಕೇಳಿದ್ದೇನೆ. "ಸೂಪರ್ ಕೆಲಸ ಮೇಡಂ" ಅಂದರು. ಬಂದು ಕೂತವರು ಯಾರೂ ಇಲ್ಲ. ಹೊಸ ಆ್ಯಪ್ ಅಂದಿದ್ದರೆ ಬರುತ್ತಿದ್ದರು. ಇರುವುದನ್ನು ಇನ್ನೊಂದು ಕಡೆ ಓಡುವ ಹಾಗೆ ಮಾಡುವುದು ಯಾರಿಗೂ ಬೇಡ.

ಇದು ನಮ್ಮೊಬ್ಬರ ಗೋಳಲ್ಲ. ವಿಲಿಯಂ ಸ್ಟೈನ್ 2005ರಲ್ಲಿ ಶುರು ಮಾಡಿದ ಸೇಜ್‌ಮ್ಯಾತ್ ಅನ್ನುವ ಗಣಿತದ ಸಾಫ್ಟ್‌ವೇರ್ ನೋಡಿ, ಎಷ್ಟು ದೊಡ್ಡ ಪ್ರಾಜೆಕ್ಟ್. ಅದಕ್ಕೂ ವಿಂಡೋಸ್ ಅಂದರೆ ಕಷ್ಟವೇ. ಲಿನಕ್ಸ್ ಪ್ರೋಗ್ರಾಂಗಳನ್ನು ವಿಂಡೋಸ್‌ಗೆ ತರಲು ಬಳಸುವ ಸಿಗ್‌ವಿನ್ ಮೇಲೆ ಕಟ್ಟಿದ ಇನ್‌ಸ್ಟಾಲರ್ ಇತ್ತು, 9.3ನೇ ಆವೃತ್ತಿಯ ನಂತರ ಅದೂ ನಿಂತಿತು. ಈಗ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿಕೊಳ್ಳಿ ಅನ್ನುತ್ತಾರೆ.

ನೀವೂ ಅದನ್ನೇ ಹೇಳುತ್ತೀರಿ, ಗೊತ್ತು. ಡಬ್ಲ್ಯುಎಸ್‌ಎಲ್ ಇದೆ, ಬ್ರೌಸರ್‌ನಲ್ಲೇ ಎಲ್ಲಾ ಓಡುತ್ತೆ, ಪೋರ್ಟ್ (ವಿಂಡೋಸ್‌ಗೆ ಹೊಂದಿಸುವುದು) ಯಾಕೆ ಅಂತ. ಒಂದು ಸಲ ನಮ್ಮ ಲ್ಯಾಬಿಗೆ ಬನ್ನಿ. ಹಳೇ ಮಷೀನು, 4 ಜಿಬಿ ರ್‍ಯಾಮ್. ಅಡ್ಮಿನ್ ಪಾಸ್‌ವರ್ಡ್ ಇರುವವರು ಬೇರೆ ಯಾರೋ. ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದೆಲ್ಲ ಈ ಮಕ್ಕಳಿಗೂ ಆಗುತ್ತದೆ ಅಂದುಕೊಳ್ಳಬೇಡಿ.

ಟೈಮ್ ಇಲ್ಲ ಅನ್ನುವ ಮಾತು ಒಪ್ಪುತ್ತೇನೆ. ಔಟರ್ ರಿಂಗ್ ರೋಡ್ ಟ್ರಾಫಿಕ್ ದಾಟಿ ಮನೆಗೆ ಬಂದವರಿಗೆ ಮತ್ತೆ ಕೋಡ್ ತೆಗೆ ಅನ್ನುವುದು ಕಷ್ಟ. ಆದರೆ ಇಷ್ಟು ದೊಡ್ಡ ಊರಲ್ಲಿ ಒಬ್ಬರಿಗೂ ಒಂದು ಸಂಜೆ ಇಲ್ಲ ಅಂದರೆ ನಾನು ನಂಬುವುದಿಲ್ಲ. ವಿಲಿಯಂ ಶೆಲ್ಟರ್ ಅಂತ ಒಬ್ಬರು ಮೇಷ್ಟ್ರಿದ್ದರು, ಟೆಕ್ಸಸ್‌ನಲ್ಲಿ. 1982ರಿಂದ 2001ರಲ್ಲಿ ತೀರಿಕೊಳ್ಳುವ ತನಕ ಮ್ಯಾಕ್ಸಿಮಾ ಅನ್ನುವ ಗಣಿತದ ಸಾಫ್ಟ್‌ವೇರ್ ನೋಡಿಕೊಂಡರು. 1998ರಲ್ಲಿ ಅಮೆರಿಕ ಸರ್ಕಾರದ ಇಂಧನ ಇಲಾಖೆಯಿಂದ ಒಪ್ಪಿಗೆ ಪಡೆದು ಅದನ್ನು ಜಿಪಿಎಲ್ ಅನ್ನುವ ಮುಕ್ತ ಪರವಾನಗಿ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತಿಗೂ ನಮ್ಮ ಮಕ್ಕಳು ದುಡ್ಡು ಕೊಡದೆ ಅದರಲ್ಲಿ ಇಂಟಿಗ್ರೇಷನ್ ಮಾಡುತ್ತಾರೆ. ಅಷ್ಟು ವರ್ಷ ನಾನು ಯಾರನ್ನೂ ಕೇಳುತ್ತಿಲ್ಲ.

ಸಿ ಬರುವವರು, ವಿಂಡೋಸ್‌ನಲ್ಲಿ ಬಿಲ್ಡ್ ಮಾಡಿ ಅಭ್ಯಾಸ ಇರುವವರು ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ. ಶನಿವಾರ ಮಧ್ಯಾಹ್ನ ಲ್ಯಾಬ್ ತೆಗೆದಿರುತ್ತದೆ. ಆ ಹುಡುಗಿಯೂ ಬರುತ್ತಾಳೆ, ಅವಳಿಗೆ ಸೊನ್ನೆ ಬಂದ ಸಾಲು ಯಾವುದು ಅಂತ ನೋಡಲೇಬೇಕಂತೆ. ಮೊದಲು ಲಾಂಗ್ ಬದಲಿಸೋಣ. ಫೋರ್ಕ್ ಆಮೇಲೆ.